ಕಿಟಕಿಯ ಸೇರು

ಸರ್ಕಾರಿ ಕೆಲಸ ಸಿಕ್ಕಿತೆಂದು ಕೇರಿಗೆಲ್ಲ ಬೆಲ್ಲ ಹಂಚಿದ ಮೇಲೆ ನನ್ನ ಕೈಗೆ ಬಂದದ್ದು ಒಂದು ಮರದ ಪೆಟ್ಟಿಗೆ. ಅಂಗಡಿಗಳ ತೂಕ, ಅಳತೆ ತಪಾಸಣೆ ಮಾಡುವ ಕೆಲಸ ಅದು. ಪೆಟ್ಟಿಗೆಯೊಳಗೆ ಸರ್ಕಾರದ ಮಾದರಿ ಸೇರು, ಪಾವು, ತೂಕದ ಬಟ್ಟುಗಳು, ಒಂದು ಸುತ್ತಿಗೆ, ಮುದ್ರೆ ಒತ್ತುವ ಉಳಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮಗ ಇನ್ನು ಕುರ್ಚಿಯ ಮೇಲೆ ಕೂರುತ್ತಾನೆ ಎಂದು ಅಮ್ಮ ಎಲ್ಲರಿಗೂ ಹೇಳಿಟ್ಟಿದ್ದಳು. ನಾನು ಕೂತದ್ದಕ್ಕಿಂತ ಹೊತ್ತದ್ದೇ ಹೆಚ್ಚು. ಮುಂದೆ ಕೊಡೆ ಹಿಡಿದ ಇನ್‌ಸ್ಪೆಕ್ಟರ್ ಸಾಹೇಬರು, ಹಿಂದೆ ಪೆಟ್ಟಿಗೆ ಹೊತ್ತ ನಾನು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಂದು ಬಸ್ಸಿನಲ್ಲಿ ಸಂತೆಯಿಂದ ಸಂತೆಗೆ ಅಲೆಯುತ್ತಿದ್ದೆವು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಿಲೋ ಬರುತ್ತದಂತೆ ಎಂಬ ಸುದ್ದಿ ಇತ್ತೇ ಹೊರತು ಹಳ್ಳಿಗಳಲ್ಲಿ ಇನ್ನೂ ಸೇರಿನದೇ ಆಳ್ವಿಕೆ.

ನಮ್ಮ ಪೆಟ್ಟಿಗೆ ಕಂಡರೆ ಅಂಗಡಿಬೀದಿಗೇ ಜ್ವರ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ. ನಗರಗೆರೆ ಕಡೆಯ ಸಂತೆಯಲ್ಲೊಬ್ಬ ತನ್ನ ಸವೆದ ಬಟ್ಟನ್ನು ಹುಣಸೆಹಣ್ಣಿನ ರಾಶಿಯೊಳಗೆ ಬಚ್ಚಿಟ್ಟ. ಅವನ ಹೆಂಡತಿಗೆ ಅದು ತಿಳಿಯದು. ನಮ್ಮೆದುರಿಗೇ ರಾಶಿಯಿಂದ ಒಂದು ಉಂಡೆ ಕಿತ್ತು ತೂಗಿ ಗಿರಾಕಿಗೆ ಕೊಟ್ಟಳು. ನಾಲ್ಕು ಹೆಜ್ಜೆ ಹೋದ ಗಿರಾಕಿ ಉಂಡೆ ಬಿಡಿಸಿ ನೋಡಿ, ತಿರುಗಿ ಬಂದು, ಬಟ್ಟನ್ನು ನೇರವಾಗಿ ಸಾಹೇಬರ ಕೈಗೇ ಇಟ್ಟ. ಸಾಹೇಬರು ಆ ದಿನವೆಲ್ಲ ಬಸ್ಸಿನಲ್ಲಿ ನೆನೆನೆನೆದು ನಕ್ಕರು.

ಸಾಹೇಬರು ಕೆಟ್ಟವರಲ್ಲ. ಕಾಫಿಯ ವಾಸನೆ ಬಂದರೆ ಮಾತ್ರ ಕರಗಿಬಿಡುವರು. ಆದರೂ ಅಳೆದು ನೋಡದೆ ಮುದ್ರೆ ಒತ್ತಿಸಿದವರಲ್ಲ. ಅವರಿಗಿಂತ ಮುಂಚೆ ಇದ್ದ ಒಬ್ಬರು ಹೋಟೆಲಿನಲ್ಲಿ ಕೂತು, ಊರಿನ ಸೇರುಗಳನ್ನೆಲ್ಲ ಅಲ್ಲಿಗೇ ತರಿಸಿ, ದೋಸೆ ಮುಗಿಯುವುದರೊಳಗೆ ಎಲ್ಲಕ್ಕೂ ಮುದ್ರೆ ಹೊಡೆಸುತ್ತಿದ್ದರಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು!

ಕೆಲಸಕ್ಕೆ ಸೇರಿದ ಎರಡನೇ ವರ್ಷ ತಪಾಸಣೆಯ ಪಟ್ಟಿಯಲ್ಲಿ ನಮ್ಮೂರಿನ ಹೆಸರೂ ಬಂತು. ಸಾದಲಿಯಿಂದ ಮುಂದೆ ಬಸ್ಸಿಳಿದು ನಡೆದು ಹೋಗಬೇಕಾದ ಊರು. ಅಲ್ಲಿ ದಿನಸಿಗೆ ಎರಡು ಅಂಗಡಿ. ಒಂದು ದೊಡ್ಡಂಗಡಿ, ಅದರ ಎದುರಿಗೆ ಆಮೇಲೆ ತೆರೆದದ್ದು ಎದುರಂಗಡಿ. ನಮ್ಮ ಕೇರಿಯವರು ದೊಡ್ಡಂಗಡಿಯ ಗಿರಾಕಿಗಳು. ಆದರೆ ಮುಂದಿನ ಕಟ್ಟೆ ಹತ್ತುವ ಹಾಗಿರಲಿಲ್ಲ. ಪಕ್ಕದ ಓಣಿಯ ಗೋಡೆಯಲ್ಲಿ ಒಂದು ಕಿಟಕಿ ಇತ್ತು, ನಮ್ಮ ವ್ಯಾಪಾರವೆಲ್ಲ ಅಲ್ಲಿ. ಕಿಟಕಿಯ ಪಕ್ಕದ ಮೊಳೆಗೆ ಒಂದು ತಗಡಿನ ಸೇರು ನೇತಾಡುತ್ತಿತ್ತು. ಒಳಗಿನ ಹಿತ್ತಾಳೆ ಸೇರಿಗೆ ನಮ್ಮ ಹೆಂಗಸರ ಸೆರಗು ತಾಗಬಾರದಲ್ಲ, ಅದಕ್ಕೆ ಕೇರಿಗೇ ಬೇರೆ ಸೇರು. ಕಿಟಕಿಯಿಂದ ಒಂದು ಕೈ ಬಂದು ಅದನ್ನು ತೆಗೆದುಕೊಳ್ಳುವುದು, ಒಳಗೆಲ್ಲೋ ತುಂಬುವುದು, ಅಮ್ಮ ಒಡ್ಡಿದ ಸೆರಗಿಗೆ ಮೇಲಿಂದ ಸುರಿಯುವುದು. ಅಳೆಯುವುದು ನಮಗೆ ಕಾಣುತ್ತಿರಲಿಲ್ಲ, ಬೀಳುವುದಷ್ಟೇ ಕಾಣುತ್ತಿತ್ತು.

ಆ ರಾಗಿ ಲೆಕ್ಕದಂತೆ ಎಂದೂ ಬರುತ್ತಿರಲಿಲ್ಲ. ಸಂತೆಯಿಂದ ಸಂತೆಗೆ ಸಾಕೆಂದು ತಂದದ್ದು ಎರಡು ದಿನ ಮುಂಚೆಯೇ ಮುಗಿಯುತ್ತಿತ್ತು. ನೀವು ಹೊಟ್ಟೆಬಾಕರು ಕಣ್ರೋ ಎಂದು ಅಮ್ಮ ನಮ್ಮನ್ನೇ ಬಯ್ಯುತ್ತಿದ್ದಳು. ನಾನೂ ಹಾಗೇ ನಂಬಿ ಬೆಳೆದಿದ್ದೆ. ಈಗ ಸರ್ಕಾರದ ಸೇರೇ ನನ್ನ ಹೆಗಲ ಮೇಲಿತ್ತು. ಅಮ್ಮನ ಸೆರಗಿಗೆ ಬೀಳುತ್ತಿದ್ದ ಸೇರು ಪೂರ್ತಿ ಸೇರಾಗಿತ್ತೇ ಇಲ್ಲವೇ, ಅದೊಂದು ನನಗೆ ತಿಳಿಯಬೇಕಿತ್ತು.

ದೊಡ್ಡಂಗಡಿಯ ಯಜಮಾನರು ಸಾಹೇಬರಿಗೆ ಕಟ್ಟೆಯ ಮೇಲೆ ಚಾಪೆ ಹಾಸಿ, ಒಳಗಿನಿಂದ ಕಾಫಿ ತರಿಸಿದರು. ನಾನು ಕಟ್ಟೆಯ ಕೆಳಗೆ ಪೆಟ್ಟಿಗೆ ಇಳಿಸಿ ಬಿಸಿಲಲ್ಲಿ ನಿಂತೆ. ಪ್ಯಾಂಟು ಹಾಕಿಕೊಂಡ ನನ್ನನ್ನು ಹೇಗೆ ಮಾತಾಡಿಸಬೇಕೆಂದು ಯಜಮಾನರಿಗೆ ತೋಚದೆ, ನನಗೆ ಹೇಳಬೇಕಾದದ್ದನ್ನೆಲ್ಲ ಪೆಟ್ಟಿಗೆಯನ್ನು ನೋಡಿಕೊಂಡು ಹೇಳಿದರು.

"ಸ್ವಾಮಿ, ನಿಮ್ಮ ಮುದ್ರೆ ನನಗ್ಯಾಕೆ ಹೇಳಿ," ಎಂದು ಅವರು ಸಾಹೇಬರಲ್ಲಿ ವಾದಕ್ಕೇ ಕೂತರು. "ನಾನು ಇವತ್ತು ಒಂದು ಹಿಡಿ ಕಮ್ಮಿ ಅಳೆದ್ರೆ ಗಿರಾಕಿ ನಾಳೆ ಎದುರಂಗಡಿಗೆ ಹೋಗ್ತಾನೆ. ನನ್ನ ಹೊಟ್ಟೇನೇ ನನಗೆ ಇನ್‌ಸ್ಪೆಕ್ಟ್ರು. ನೀವು ವರ್ಷಕ್ಕೊಂದ್ಸಲ ಬರ್ತೀರಿ. ಅದು ದಿನಕ್ಕೆ ಮೂರು ಹೊತ್ತೂ ಬರ್ತದೆ."

"ಹಂಗಾದ್ರೆ ವ್ಯಾಪಾರಸ್ಥರೆಲ್ಲ ಸಾಧುಸಂತರೇ ಆಗಿರ್ಬೇಕಿತ್ತಲ್ಲ ಯಜಮಾನ್ರೇ," ಎಂದರು ಸಾಹೇಬರು. "ಹೊಟ್ಟೆ ಎಲ್ಲಾರಿಗೂ ಇದೆಯಲ್ಲ."

"ಮೋಸ ಮಾಡೋನು ಇವತ್ತಲ್ಲ ನಾಳೆ ಬಾಗಿಲು ಹಾಕ್ತಾನೆ. ಅದೇ ನಿಮ್ಮ ಮುದ್ರೆ ಇರೋ ಎಷ್ಟು ಅಂಗಡೀಲಿ ಮೋಸ ನಡೀತಿಲ್ಲ? ಮುದ್ರೆ ಅನ್ನೋದು ಒಂದು ಲೋಟ ಕಾಫಿಗೆ ಸಿಕ್ತದೆ, ಏಮಂಟಾರು, ಏನಂತೀರಿ?"

ಸಾಹೇಬರ ಲೋಟ ತುಟಿಯ ಹತ್ತಿರವೇ ನಿಂತಿತು. ಸ್ವಲ್ಪ ಯೋಚಿಸಿದರು. ಆಮೇಲೆ ಕುಡಿದರು. ಕಾಫಿ ಚೆನ್ನಾಗಿದ್ದಿರಬೇಕು.

ಅಷ್ಟರಲ್ಲಿ ಮೇಲಿನ ಬೀದಿಯ ದೊಡ್ಡ ಮನೆಯ ಹೆಂಗಸೊಬ್ಬರು ತೊಗರಿಬೇಳೆಗೆ ಬಂದರು. ಯಜಮಾನರು ಸೇರಿನ ಮೇಲೆ ಗೋಪುರ ಏಳುವಷ್ಟು ತುಂಬಿ ಅಳೆದರು, ಅದರ ಮೇಲೆ ಒಂದು ಹಿಡಿ ಕೊಸರು ಹಾಕಿದರು. ಆಯಮ್ಮ ಸುಮ್ಮನೆ ಎದುರಂಗಡಿಯ ಕಡೆ ಒಂದು ಸಲ ನೋಡಿದರು. ಇನ್ನೊಂದು ಹಿಡಿ ಬಿತ್ತು, ಜೊತೆಗೆ ಒಂದು ಚೂರು ಬೆಲ್ಲ. ಯಜಮಾನರ ವಾದದಲ್ಲಿ ಹುಳುಕಿಲ್ಲ ಎಂದು ನನಗೂ ಅನ್ನಿಸಿತು. ಎದುರಂಗಡಿಯವನು ಬಾಯಿ ಬಿಡದೆಯೇ ಆ ಹೆಂಗಸಿಗೆ ಎರಡನೇ ಹಿಡಿ ಕೊಡಿಸಿದ್ದ.

ಸಾಹೇಬರು ಮೀಸೆ ಒರೆಸಿಕೊಂಡು, "ಇರ್ಲಿ, ಅಳೆದು ನೋಡೇ ಬಿಡೋಣ," ಎಂದರು. ನಮ್ಮ ಕ್ರಮ ಸುಲಭ. ಮಾದರಿ ಸೇರಿನ ತುಂಬ ನೀರು ತುಂಬಿ ಅಂಗಡಿಯವರ ಸೇರಿಗೆ ಸುರಿಯುವುದು. ತುಳುಕಿದರೆ ಅದು ಕಮ್ಮಿ ಸೇರು. ಸುರಿಯುವುದು ನನ್ನ ಕೆಲಸ. ನಾನು ನೀರು ತುಂಬಿ ಕಟ್ಟೆಯ ಅಂಚಿಗೆ ಬಂದೆ. ಯಜಮಾನರು ಹಿತ್ತಾಳೆ ಸೇರನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡರು.

"ಸ್ವಾಮಿ, ನೀವೇ ಹುಯ್ದುಬಿಡಿ," ಎಂದರು ಮೆಲ್ಲಗೆ.

ಸಾಹೇಬರಿಗೆ ಅರ್ಥವಾಯಿತು. ನನಗೆ ಮೊದಲೇ ಅರ್ಥವಾಗಿತ್ತು. ಇಬ್ಬರೂ ಏನೂ ಆಗದವರಂತೆ ಅತ್ತಿತ್ತ ನೋಡಿದೆವು. ಅವರು ತಾವೇ ಮಾದರಿ ಸೇರು ಎತ್ತಿಕೊಂಡು, ಅಭ್ಯಾಸವಿಲ್ಲದ ಕೈಯಲ್ಲಿ ಅರ್ಧ ನೀರನ್ನು ತಮ್ಮ ಕೋಟಿನ ಮೇಲೇ ಸುರಿದುಕೊಂಡರು. ನನ್ನೊಳಗಿನ ಸಿಟ್ಟು ಆ ಒದ್ದೆ ಕೋಟು ನೋಡಿ ಸ್ವಲ್ಪ ತಣ್ಣಗಾಯಿತು ಎಂದರೆ ಸುಳ್ಳಲ್ಲ. ಎರಡನೇ ಸಲ ಸರಿಯಾಗಿ ಹುಯ್ದರು. ಒಂದು ಹನಿಯೂ ತುಳುಕಲಿಲ್ಲ. ಇನ್ನೊಂದು ಗುಟುಕು ಹಿಡಿಯುವಷ್ಟು ಜಾಗವೇ ಉಳಿದಿತ್ತು.

"ನೋಡಿದ್ರಾ!" ಎಂದರು ಯಜಮಾನರು. "ನಮ್ಮ ತಾತನ ಕಾಲದ ಸೇರು." ಅವರ ಮುಖದಲ್ಲಿ ಗೆದ್ದ ಗರ್ವ ಇರಲಿಲ್ಲ, ನಿಜವಾದ ಸಂತೋಷವೇ ಇತ್ತು. ಸಾಹೇಬರು ಅದಕ್ಕೂ ತಾವೇ ಮುದ್ರೆ ಒತ್ತಿ, ಕೋಟು ಹಿಂಡುತ್ತಾ, "ಕಟ್ಟಪ್ಪ ಪೆಟ್ಟಿಗೆ, ಎದುರಂಗಡಿ ಬೇರೆ ನೋಡ್ಬೇಕು," ಎಂದರು.

ಹೇಳಲೋ ಬೇಡವೋ ಎಂದು ಅಳೆದೂ ಸುರಿದೂ ಕೊನೆಗೆ ಬಾಯಿ ಬಿಟ್ಟೆ. "ಸಾರ್, ಇನ್ನೊಂದು ಸೇರಿದೆ. ಓಣಿ ಕಿಟಕಿ ಹತ್ರ."

"ಅದಾ?" ಎಂದು ಯಜಮಾನರು ನಕ್ಕುಬಿಟ್ಟರು. "ಅದು ಅಂಗಡೀದಲ್ಲ ಸ್ವಾಮಿ, ಕೇರಿಯೋರದ್ದು. ಬೇಕಾದ್ರೆ ಅಳೆದ್ಕೊಳ್ಳಿ." ಈ ಸಲ ಯಾರು ಸುರಿಯಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ನನ್ನ ನೀರು ಆ ಸೇರಿಗೆ ಸಲ್ಲುತ್ತಿತ್ತು.

ಮೊಳೆಯಿಂದ ಸೇರು ತೆಗೆದು ಕಂಠದ ಸುತ್ತ ಬೆರಳಾಡಿಸಿದೆ. ಹಳೆಯದಾಗಲಿ ಹೊಸದಾಗಲಿ, ಒಂದು ಮುದ್ರೆಯೂ ಇರಲಿಲ್ಲ. ಇಷ್ಟು ವರ್ಷ ಬಂದುಹೋದ ತಪಾಸಣೆಯವರಲ್ಲಿ ಒಬ್ಬರೂ ಅದನ್ನು ಮುಟ್ಟಿರಲಿಲ್ಲ. ಒಂದು ಪಕ್ಕ ಒಳಕ್ಕೆ ನೆಗ್ಗಿತ್ತು, ತಳ ಉಬ್ಬಿತ್ತು. ಚಿಕ್ಕಂದಿನಿಂದ ನೋಡಿದ್ದು ಅದೊಂದೇ ಆದ್ದರಿಂದ ಸೇರು ಎಂದರೆ ಹಾಗೇ ಇರುತ್ತದೆಂದು ನಾನು ಹಾಸ್ಟೆಲಿಗೆ ಹೋಗುವ ತನಕ ತಿಳಿದಿದ್ದೆ. ಈಗ ಮಾದರಿ ಸೇರಿನಿಂದ ನೀರು ಸುರಿದೆ. ಮುಕ್ಕಾಲು ಸುರಿಯುವುದರೊಳಗೆ ತುಂಬಿತು. ಉಳಿದದ್ದೆಲ್ಲ ತುಳುಕಿ ಓಣಿಯ ಮಣ್ಣಿಗೆ ಹೋಯಿತು.

ಯಜಮಾನರು ಬಗ್ಗಿ ನೋಡಿದರು. ಇನ್ನೊಂದು ಸಲ ಹುಯ್ಯಲು ಹೇಳಿದರು. ಹುಯ್ದೆ. ಮತ್ತೆ ತುಳುಕಿತು. ಅವರ ಮುಖ ಬಿಳಿಚಿಕೊಂಡಿತು.

"ನಾನು ಬೇಕೂಂತ ಮಾಡಿದ್ದಲ್ಲ ಸ್ವಾಮಿ. ಯಾವಾಗ್ಲೋ ಬಿದ್ದು ನೆಗ್ಗಿದ್ದು. ಒಬ್ರಾದ್ರೂ ಒಂದಿನ ಬಾಯ್ಬಿಟ್ಟು ಹೇಳ್ಬಾರ್ದಾ? ದುಡ್ಡು ಪೂರ್ತಿ ಇಸ್ಕೊಂಡಿದ್ದೀನಲ್ಲಾ!"

ಅವರು ನಾಟಕವಾಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು. ಕಳ್ಳನಾಗಿದ್ದರೆ ಬಯ್ದು ಹಗುರಾಗಬಹುದಿತ್ತು. ಮನುಷ್ಯ ಪ್ರಾಮಾಣಿಕ; ಮುಂದಿನ ಕಟ್ಟೆಯ ಸೇರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವನು. ಅದು ನೆಗ್ಗಿದ್ದರೆ ಸಂಜೆಯೊಳಗೆ ಕಂಚುಗಾರನ ಹತ್ತಿರ ಓಡುತ್ತಿದ್ದ. ಸಾಹೇಬರು ತಗಡಿನ ಸೇರನ್ನು ವಶಕ್ಕೆ ತೆಗೆದುಕೊಂಡರು. ಹೊಸದು ತಂದು ಮುದ್ರೆ ಹಾಕಿಸಿಕೊಳ್ಳುವವರೆಗೂ ಕಿಟಕಿಯಲ್ಲಿ ಅಳೆಯುವಂತಿಲ್ಲ ಎಂದು ಬರೆದು ಯಜಮಾನರ ಸಹಿ ಹಾಕಿಸಿದರು.

ಎದುರಂಗಡಿಯದನ್ನೂ ಅಳೆದು ಮುಗಿಸಿದ ಮೇಲೆ ಬಸ್ಸಿಗಿನ್ನೂ ಸ್ವಲ್ಪ ಹೊತ್ತಿತ್ತು. ಕೇರಿಗೆ ಒಂದೇ ಉಸಿರಿಗೆ ಓಡಿ, ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ನಾವು ಹೊಟ್ಟೆಬಾಕರಲ್ಲ ಎಂದು ಸಾಬೀತಾಯಿತಲ್ಲ ಎಂದು ನನಗೆ ಕುಣಿಯುವಷ್ಟು ಸಂತೋಷ. ಅಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ.

"ಗೊತ್ತಿತ್ತು ಕಣಪ್ಪ," ಎಂದಳು. "ಸೊಟ್ಟ ಸೇರು ಅಂತಾನೇ ನಾವೆಲ್ಲ ಅದನ್ನ ಕರೀತಿದ್ದಿದ್ದು."

"ಗೊತ್ತಿದ್ದೂ ಸುಮ್ನಿದ್ರಾ? ಎದುರಂಗಡಿಗೆ ಹೋಗ್ಬೋದಿತ್ತಲ್ಲಮ್ಮ!"

"ಎಲ್ಲಿಗೆ ಹೋಗೋದು? ಆ ಅಂಗಡಿಗೆ ಕಿಟಕೀನೇ ಇಲ್ವಲ್ಲೋ." ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಂತೋಷದ ಸುಳಿವಿರಲಿಲ್ಲ, ಇದ್ದದ್ದು ಹೆದರಿಕೆ. "ಸೇರು ಹೊತ್ಕೊಂಡು ಹೋದ್ರಲ್ಲ, ನಾಳೆ ಯಾತರಲ್ಲಿ ಅಳೀತಾರೆ? ಸಿಟ್ಟು ಬಂದು ಕಿಟಕಿ ಮುಚ್ಚಿದ್ರೆ ನಿಮ್ಮ ಸಾಹೇಬ್ರು ಬಂದು ರಾಗಿ ಕೊಡ್ತಾರಾ?"

ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಂದೆ. ಅಮ್ಮ ಹೇಳಿದ ಹಾಗೇ ಆಯಿತು. ಮಾರನೇ ದಿನದಿಂದ ಕಿಟಕಿ ತೆರೆಯಲಿಲ್ಲ. ಹಿತ್ತಾಳೆ ಸೇರನ್ನು ಕಿಟಕಿಗೆ ತರಲು ಯಜಮಾನರಿಗೆ ಮನಸ್ಸಾಗಲಿಲ್ಲ, ಬೇರೆ ಸೇರು ಇರಲಿಲ್ಲ. ಕೇರಿಯ ಹೆಂಗಸರು ಕೂಲಿ ಬಿಟ್ಟು ಸಾದಲಿಗೆ ನಡೆದರು. ಶಿಡ್ಲಘಟ್ಟದಲ್ಲಿ ನಮ್ಮ ಕ್ಯಾಂಪು ನಡೆದಿದ್ದಾಗ ಕೇರಿಯವರೊಬ್ಬರು ಬಂದು, "ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ," ಎಂದು ಇದನ್ನೆಲ್ಲ ಹೇಳಿದರು. ಅದು ಹೊಗಳಿಕೆಯಲ್ಲ.

ನಾಲ್ಕನೇ ದಿನ ಯಜಮಾನರೇ ಕ್ಯಾಂಪಿಗೆ ಬಂದರು. ಕಂಕುಳಲ್ಲಿ ಹೊಳೆಯುವ ಹೊಸ ತಗಡಿನ ಸೇರು. ಸಾಹೇಬರು ಅಳೆಸಿ ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಸಾರ್," ಎಂದೆ ನಾನು ಅವರ ಕಿವಿಯ ಹತ್ತಿರ, "ಇದೂ ಕಿಟಕಿಗೇ ತಂದಿರೋದು. ಕೇರಿಯೋರಿಗೆ ಅಂತ ಬೇರೆ ಸೇರು ಇಡೋದೇ ತಪ್ಪು ಅಂತ ಕಾನೂನಿದೆಯಲ್ಲ ಸಾರ್."

"ಅದು ನಮ್ಮ ಇಲಾಖೆ ಅಲ್ಲ ಕಣಯ್ಯ," ಎಂದರು ಸಾಹೇಬರು. ಪಾಪ, ಸಂಕೋಚದಿಂದಲೇ ಎಂದರು. "ಸೇರು ಸರಿ ಇದ್ರೆ ನಾವು ಮುದ್ರೆ ಹಾಕ್ಬೇಕು. ಬೇಡ ಅಂದ್ರೆ ಇಡು, ಬರೋ ತಿಂಗಳು ನೋಡೋಣ."

ಬರುವ ತಿಂಗಳು! ಕಿಟಕಿ ಮುಚ್ಚಿ ನಾಲ್ಕು ದಿನವಾಗಿತ್ತು. ನಾನು ಸುತ್ತಿಗೆ ಎತ್ತಿಕೊಂಡೆ, ಉಳಿಯನ್ನು ಸೇರಿನ ಕಂಠಕ್ಕೆ ಇಟ್ಟು ಒಂದೇ ಪೆಟ್ಟಿಗೆ ಮುದ್ರೆ ಒತ್ತಿದೆ. ಯಜಮಾನರು ಮೊದಲ ಸಲ ನನ್ನ ಮುಖ ನೋಡಿ ಕೈ ಮುಗಿದರು.

ಮುಂದಿನ ತಿಂಗಳು ಊರಿಗೆ ಹೋದಾಗ ಅಮ್ಮ ರಾಗಿಗೆ ನನ್ನನ್ನೇ ಕಳಿಸಿದಳು. ಓಣಿಯಲ್ಲಿ ನಿಂತೆ. ಕಿಟಕಿಯಿಂದ ಕೈ ಬಂದು ಸೇರು ತೆಗೆದುಕೊಂಡಿತು. ನಾನೆಂದು ಗೊತ್ತಾಗಿ ಎರಡು ಹಿಡಿ ಕೊಸರೂ ಹಾಕಿದರು. ಅಳತೆ ಪೂರ್ತಿ ಇತ್ತು. ಅದಕ್ಕೆ ಸರ್ಕಾರದ ಜಾಮೀನು ಇತ್ತು. ಅವರು ನನ್ನ ಟವಲಿಗೆ ತಾಗದಂತೆ ಸೇರನ್ನು ಒಂದು ಗೇಣು ಮೇಲೆ ಹಿಡಿದು ಸುರಿಯುತ್ತಿದ್ದರೆ, ಅದರ ಕಂಠದಲ್ಲಿ ನಾನು ಒತ್ತಿದ ಮುದ್ರೆ ಬಿಸಿಲಿಗೆ ಹೊಳೆಯುತ್ತಿತ್ತು.