ಮಾಲ್‌ನಲ್ಲಿ ಯಾರೂ ಇಲ್ಲ

ವಯಸ್ಸಾದವರು ಸೇರಿ ಕೂರಲು ಕೊಠಡಿಯೊಂದನ್ನು ಎಲ್ಲಿ ಮಾಡಬೇಕೆಂದು ಜನರನ್ನೇ ಕೇಳಿ ಬಾ ಅಂತ ನಗರಸಭೆಯ ನಮ್ಮ ಆಫೀಸಿನವರು ನನ್ನನ್ನು ಬಾಟನಿ ಡೌನ್ಸ್ ಬಡಾವಣೆಯ ಮಾಲ್‌ಗೆ ಕಳಿಸಿದ್ದರು. ನಾನೇ ಮಾಡಿದ ಜನಸಂಖ್ಯೆಯ ನಕ್ಷೆಯನ್ನು ಮೇಜಿನ ಪಕ್ಕ ನೇತುಹಾಕಿ ಕೂತೆ. ಹಿರಿಯರು ಹೆಚ್ಚಿರುವ ಬೀದಿಗಳಿಗೆ ಕಡುನೀಲಿ, ಯಾರೂ ವಾಸವಿಲ್ಲದ ಕಡೆ ಬಿಳಿ.

ಸ್ವೆಟರು, ಮಂಕಿಕ್ಯಾಪಿನ ಹಿರಿಯರೊಬ್ಬರು ಬಂದು ನನ್ನ ಬ್ಯಾಡ್ಜ್‌ನಲ್ಲಿದ್ದ ಹೆಸರು ಓದಿ, "ಕನ್ನಡದವರೇನ್ರಿ?" ಅಂದರು. ಧಾರವಾಡದವರು, ಈ ಪರದೇಶದಲ್ಲಿ ಮಗಳ ಮನೆಯಲ್ಲಿದ್ದಾರೆ.

"ಈ ಮಾಲ್ ಎಲ್ಲೈತ್ರಿ ಇದ್ರಾಗ?"

ತೋರಿಸಿದೆ. ಅಚ್ಚ ಬಿಳಿ.

"ಇಲ್ಲಿ ಯಾರೂ ಇಲ್ಲಂತ ತೋರಿಸೀರಲ್ರಿ. ಹಂಗಾರ ನಾವ್ಯಾರು?"

ಅವರು ಕೈ ಮಾಡಿದ ಕಡೆ ನೋಡಿದೆ. ಕಾಫಿ ಅಂಗಡಿಯ ಎದುರಿನ ಸೋಫಾಗಳಲ್ಲಿ ಅವರದೇ ವಯಸ್ಸಿನವರು, ಪಂಜಾಬಿಗಳು, ಚೀನಿಯರು, ಆರಾಮಾಗಿ ಕೂತಿದ್ದರು.

"ಮಗಳು, ಅಳಿಯ ಕೆಲಸಕ್ಕ ಹೋದ್ರ ಮನಿಯಾಗ ಥಂಡಿ ರೀ. ಒಬ್ಬಾಂವನ ಸಲುವಾಗಿ ಹೀಟರ್ ಹಚ್ಚಾಕ ಮನಸ್ಸಾಗೂದಿಲ್ಲ. ಮುಂಜಾನೆಯಿಂದ ಸಂಜಿತನಕ ನಾವೆಲ್ಲ ಇಲ್ಲೇ. ಕೊಠಡಿನೂ ಇಲ್ಲೇ ಮಾಡ್ರಿ."

ನನ್ನ ನಕ್ಷೆಯಲ್ಲಿ ತಪ್ಪು ತೋರಿಸಿದರೆ ನನಗೆ ಸಿಟ್ಟು ಬರುತ್ತದೆ. "ಅಂಕಲ್, ಲೆಕ್ಕಕ್ಕೆ ಬರೋದು ರಾತ್ರಿ ಮಲಗೋ ಮನೆ. ನೀವು ನಿಮ್ಮ ಮಗಳ ಬೀದಿಯಲ್ಲಿದ್ದೀರಿ. ನಕ್ಷೆ ಸರಿಯಾಗೇ ಇದೆ" ಅಂದೆ.

ಅವರು ಆ ಬಿಳಿ ಜಾಗವನ್ನು ಮತ್ತೊಮ್ಮೆ ನೋಡಿದರು. ಹೋಗಿ ತಮ್ಮ ಸೋಫಾದಲ್ಲಿ ಕೂತರು.

ಸಂಜೆ ನಾನು ನಕ್ಷೆ ಸುತ್ತಿಡುವಾಗ ಮತ್ತೆ ಬಂದು ಪಕ್ಕದಲ್ಲಿ ನಿಂತರು.

"ಮಲಗಾಕ ಹೊಂಟೀನ್ರಿ," ಅಂದರು. "ಇನ್ನ ನಿಮ್ಮ ನಕ್ಷೆ ಸರಿ ಆಗತೈತಿ."