ಚಿಕ್ಕವ್ವನ ಚೀನಿ ಗುಡಿ

ಪೆನಾಂಗಿನ ಆ ಹಳೆಯ ಚೀನಿ ಗುಡಿಯ ಉದ್ಯಾನಕ್ಕೆ ಕಾಲಿಟ್ಟ ಕೂಡಲೇ ಊದುಬತ್ತಿಯ ಹೊಗೆ ಮೂಗಿಗೆ ಬಡಿಯಿತು. ಮಗಳಿಗೆ ಫೋಟೋ ಹುಚ್ಚು, ಕೊಳದ ಕಡೆ ಓಡಿದಳು. ಊರಿನ ಮುದುಕರು ಮರದಡಿ ಚಹಾ ಕುಡಿಯುತ್ತ ಹರಟುತ್ತಿದ್ದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದೆ. ನನ್ನದೂ ಎಂಥ ಹುಚ್ಚು! ಹುಡುಕುತ್ತಿದ್ದವನನ್ನು ನಾನು ಕಣ್ಣಾರೆ ಕಂಡವಳೇ ಅಲ್ಲ...

ಐವತ್ತರ ದಶಕದಲ್ಲಿ ಚಾಮರಾಜನಗರದ ನಮ್ಮ ಪಕ್ಕದ ಮನೆಯಲ್ಲಿದ್ದವಳನ್ನು ಚಿಕ್ಕವ್ವ ಅನ್ನುತ್ತಿದ್ದೆ. ಅವಳ ಗಂಡ ಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಓಡಿಸಲು ಮಲಯಾಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದು ಹೇಳಿದವರೂ ಇಲ್ಲ. ಗುಂಡ್ಲುಪೇಟೆಯ ಒಬ್ಬ ಸಿಪಾಯಿ ಮಾತ್ರ, ಯುದ್ಧ ಮುಗಿದ ಮೇಲೆ ಅಲ್ಲಿನ ಪೆನಾಂಗಿನ ಚೀನಿ ಗುಡಿಯ ತೋಟದಲ್ಲಿ, ಒಂದು ಮರದಡಿ, ಅವನನ್ನು ಕಂಡೆನೆಂದಿದ್ದ. ಚಿಕ್ಕವ್ವನಿಗೆ ಅಷ್ಟೇ ಸಾಕಾಯಿತು. ತಾಳಿ, ಕುಂಕುಮ ತೆಗೆಯಲಿಲ್ಲ. ಸಂಜೆ ಜಗಲಿಯಲ್ಲಿ ನನ್ನ ಜಡೆ ಹೆಣೆಯುತ್ತ, "ಇಷ್ಟೊತ್ಗೆ ಆ ಮರದಡಿ ಕೂತಿರ್ತಾರೆ ಕಣಮ್ಮಿ. ಊರೋರೆಲ್ಲ ಅಲ್ಗೇ ಬತ್ತಾರಂತೆ" ಅನ್ನುತ್ತಿದ್ದಳು. ಅವನೇ ಅಲ್ಲಿ ಕೂತಿರುವನೇನೋ ಎಂದು ನಾನು ಕತ್ತಲು ಕವಿದ ಆ ಜಗಲಿಯ ಮೂಲೆ ನೋಡಲು ಹೆದರುತ್ತಿದ್ದೆ.

ಮಹಾಲಯ ಅಮಾವಾಸ್ಯೆ ಬಂತೆಂದರೆ ಆ ಮನೆಯಲ್ಲಿ ರಾದ್ಧಾಂತ. ಸತ್ತವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ ಎಡೆ ಇಡುವ ದಿನ ಅದು. ಚಿಕ್ಕವ್ವನ ಅತ್ತೆ ತನ್ನ ಮಗನಿಗೂ ಒಂದು ಎಲೆ ಹಾಕಿ ಕಜ್ಜಾಯ, ಬೀಡಿ ಇಡುವಳು. ಚಿಕ್ಕವ್ವ ಬಂದು ಎತ್ತಿಬಿಡುವಳು.

"ಬದುಕಿರೋರ್ಗೆ ಎಡೆ ಮಡಗ್ತೀರಾ, ಅತ್ಯಮ್ಮ?"

"ನನ್ ಮಗ ಸತ್ತು ಅಸ್ಕಂಡು ಅಲೀತಿದ್ರೆ ಏನ್ಮಾಡೀಯೆ?" ಮುದುಕಿ ಗೋಳೋ ಎಂದು ಅಳುತ್ತಿದ್ದಳು.

ಒಂದು ವರ್ಷ ಚಿಕ್ಕವ್ವ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದಳು, ಆ ಸಿಪಾಯಿಯನ್ನು ಇನ್ನೊಮ್ಮೆ ಕೇಳಲು. ಅವನು ಅವಳ ಕುಂಕುಮ ನೋಡಿ ತಲೆ ತಗ್ಗಿಸಿದ.

"ಕಂಡಂಗಿತ್ತು ಕಣವ್ವ..." ಅಂದ.

ಮೊದಲು 'ಕಂಡೆ' ಅಂದಿದ್ದವನು! ಆ ವರ್ಷವೂ ಚಿಕ್ಕವ್ವ ಎಲೆ ಎತ್ತಿದಳು, ಆಮೇಲೆ ಹಿತ್ತಿಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಹೋದ ಮೇಲೆ ಎಲೆ ಹಾಕುವವರೇ ಇಲ್ಲವಾದರು. ಚಿಕ್ಕವ್ವ ಕುಂಕುಮವಿಟ್ಟುಕೊಂಡೇ ಮಣ್ಣು ಸೇರಿದಳು.

ಗುಡಿಯ ಗೋಡೆಯ ಪಕ್ಕ ಒಬ್ಬ ಚೀನಿ ಅಜ್ಜಿ ಅನ್ನದ ಬಟ್ಟಲುಗಳನ್ನು ಜೋಡಿಸುತ್ತಿದ್ದಳು. ಯಾರಿಗೆಂದು ಮಗಳ ಕೈಲಿ ಕೇಳಿಸಿದೆ. ಯುದ್ಧದಲ್ಲಿ ಇಲ್ಲಿ ಸತ್ತ ದಿಕ್ಕಿಲ್ಲದವರಿಗಂತೆ, ಅವಳ ಅಮ್ಮನ ಕಾಲದಿಂದಲೂ ಇಡುತ್ತಿದ್ದಾರಂತೆ. ನಾನು ಕಣ್ಣೊರೆಸಿಕೊಂಡದ್ದನ್ನು ನೋಡಿ ಅಜ್ಜಿ ಒಂದು ಬಟ್ಟಲು ನನ್ನ ಕೈಗಿಟ್ಟು, ನೆಲ ತೋರಿಸಿದಳು.

ಇಡಲು ಮನಸ್ಸು ಬರಲಿಲ್ಲ. ಇಡದೆ ಬರಲೂ ಆಗಲಿಲ್ಲ. ಕೊನೆಗೆ ಬಗ್ಗಿ ಇಟ್ಟೆ. ಚಿಕ್ಕವ್ವ ಅಷ್ಟು ವರ್ಷ ಬದುಕಿಸಿಕೊಂಡಿದ್ದವನು ಅವತ್ತು ನನ್ನ ಕೈಯಲ್ಲಿ ಸತ್ತ.