ಕಿವಿರಿನ ಹಿಂದಿನ ಕರಿ ಬೊಟ್ಟು

ಕಳೆದ ವಾರ ನಮ್ಮ ಅಡುಗೆಮನೆಯ ಸಿಂಕ್ ಸೋರುತ್ತಿದೆಯೆಂದು ಪ್ಲಂಬರ್ ಬಂದು ಅಂಚಿಗೆಲ್ಲ ಸಿಲಿಕಾನ್ ಹಚ್ಚಿಹೋದ. ಹಸಿ ಸಿಲಿಕಾನಿಗೆ ವಿನೆಗರಿನಂಥ ಹುಳಿ ವಾಸನೆ. ಕಿಟಕಿ ತೆಗೆದಿಟ್ಟರೂ ಸಂಜೆಯವರೆಗೆ ಹೋಗಲಿಲ್ಲ. ನನಗೆ ತಡೆಯಲಾರದ ಸಿಟ್ಟು ಬಂತು. ಪಾಪ, ಪ್ಲಂಬರ್ ಮೇಲಲ್ಲ. ಯಲ್ಲಾಪುರದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಆ ಮನುಷ್ಯನ ಮೇಲೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಸತ್ತ ಮೇಲಾದರೂ ಬಿಟ್ಟುಬಿಡು ಎನ್ನುತ್ತಾರೆ ನಮ್ಮ ಮನೆಯವರು. ನನ್ನಿಂದಾಗದು...

ಆಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರಜೆ ಬಂದರೆ ಹಳ್ಳಕ್ಕೆ ಮೊಣಕಾಲು ಮುಳುಗುವಷ್ಟು ಇಳಿದು ಮೀನು ನೋಡುವುದು ನನ್ನ ಹುಚ್ಚು. ಒಂದು ಡಿಸೆಂಬರಿನಲ್ಲಿ ಕಿರವತ್ತಿಯ ಕಡೆ, ಹೆದ್ದಾರಿಯ ಪಕ್ಕದ ಹಳ್ಳದ ಗುಂಡಿಯೊಂದರಲ್ಲಿ ಬೆರಳುದ್ದದ ಮೀನೊಂದು ಬಲೆಗೆ ಬಂತು. ಬೆಳ್ಳಿ ಮೈ, ಕೆಂಪಂಚಿನ ರೆಕ್ಕೆ. ಅಂಥವು ನಮ್ಮ ಹಳ್ಳಗಳಲ್ಲಿ ಬೇಕಾದಷ್ಟಿವೆ. ಆದರೆ ಇದಕ್ಕೆ ಕಿವಿರಿನ ಹಿಂದೆ, ಸಾಸಿವೆ ಕಾಳಿನಷ್ಟು, ಒಂದು ಕರಿ ಬೊಟ್ಟಿತ್ತು. ನನ್ನ ಬಳಿಯಿದ್ದ ಯಾವ ಪುಸ್ತಕದಲ್ಲೂ ಅಂಥ ಮೀನು ಇರಲಿಲ್ಲ. ಇನ್ನೂ ಯಾರೂ ಹೆಸರಿಡದ ಮೀನಿರಬಹುದೇ ಎಂದುಕೊಂಡು ಅದನ್ನು ಜೋಪಾನವಾಗಿ ಮನೆಗೆ ತಂದೆ.

ಮೀನುಗಳನ್ನೇ ಅಧ್ಯಯನ ಮಾಡುವ ಪರಿಣತರೊಬ್ಬರಿಗೆ ಬರೆದೆ. ಸ್ಪಷ್ಟವಾದ ಫೋಟೋ ಕಳಿಸಿ, ಮೀನನ್ನು ಕೆಡದಂತೆ ಫಾರ್ಮಲಿನ್‌ನಲ್ಲಿ ಹಾಕಿಡಿ ಎಂದು ಉತ್ತರ ಬಂತು. ಹದಿನೈದು ದಿನ ಮನೆಯಲ್ಲಿ ಸಾಕಿದ ಜೀವ, ನಾನು ಹತ್ತಿರ ಹೋದರೆ ಮೇಲೆ ಬರುತ್ತಿತ್ತು. ಕೊಲ್ಲಲು ಮನಸ್ಸಾಗಲಿಲ್ಲ. ಫೋಟೋ ಒಂದು ಚೆನ್ನಾಗಿ ಬಂದರೆ ಸಾಕು, ಅದೇ ಸಾಕ್ಷಿಯಾಗುತ್ತದೆ ಎಂದುಕೊಂಡೆ.

ಸ್ಟುಡಿಯೋದವರ ವ್ಯಾಪಾರವೆಲ್ಲ ಮದುವೆಗಳದ್ದು, ಜೊತೆಗೆ ಜಾತಕದೊಂದಿಗೆ ಕಳಿಸುವ ಹುಡುಗಿಯರ ಫೋಟೋಗಳದ್ದು. ಮೊಡವೆಯ ಗುರುತು, ಸುಟ್ಟ ಕಲೆ, ಮಚ್ಚೆ, ಏನಿದ್ದರೂ ಕೇಳದೆಯೇ ಅಳಿಸಿ ಕೊಡುತ್ತಿದ್ದರು. ಮದುವೆಗೆ ಮುಂಚೆ ನನ್ನ ಗಲ್ಲದ ಮಚ್ಚೆಯನ್ನೂ ಅಳಿಸಿದ್ದರು. ನೋಡಲು ಬಂದ ಹುಡುಗನ ತಾಯಿ ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿ, ಮುಂದಿಟ್ಟ ತಿಂಡಿ ಮುಟ್ಟದೆ ಎದ್ದು ಹೋಗಿದ್ದರು. ಇಷ್ಟಾದರೂ ಅವರಲ್ಲಿಗೇ ಹೋದೆನಲ್ಲ! ಊರಲ್ಲಿ ಕ್ಯಾಮೆರಾ ಅಷ್ಟು ಬಲ್ಲವರು ಬೇರೆ ಇರಲಿಲ್ಲ.

ಹೌದು, ಆ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಗೊತ್ತಿಲ್ಲದವರಾಗಿದ್ದರೆ ಎಂದೋ ಕ್ಷಮಿಸಿಬಿಡುತ್ತಿದ್ದೆ. ನೀರೊಳಗೆ ಇಳಿಸುವ ಕ್ಯಾಮೆರಾ ಎಲ್ಲಿಂದಾದರೂ ತರಿಸಿ ಎಂದಾಗ ನಕ್ಕರು.

"ಅಲ್ಲ ಅಕ್ಕೋರೆ, ಕ್ಯಾಮೆರಾನ ನೀರಿಗೆ ಹಾಕೂದು ಎಂತಕ್ಕೆ? ನೀರನ್ನೇ ಕ್ಯಾಮೆರಾ ಎದ್ರಿಗೆ ತಂದ್ರಾತಲ್ಲ."

ಮದುವೆಗೆ ಒಯ್ಯುವ ಜೂಮ್ ಲೆನ್ಸ್ ಇಷ್ಟು ಸಣ್ಣದನ್ನು ಹತ್ತಿರದಿಂದ ಹಿಡಿಯುವುದಿಲ್ಲ, ಮ್ಯಾಕ್ರೋ ಲೆನ್ಸೇ ಆಗಬೇಕು ಎಂದು ಹುಬ್ಬಳ್ಳಿಯ ಗೆಳೆಯರಿಂದ ಒಂದನ್ನು ತರಿಸಿದರು. ಗಾಜು ಕತ್ತರಿಸಿ, ಸಿಲಿಕಾನ್ ಹಚ್ಚಿ ಅಂಟಿಸಿ ತಾವೇ ತೊಟ್ಟಿ ಕಟ್ಟಿದರು. ಮೀನು ಹಿಂದೆ ಸರಿದರೆ ಫೋಕಸ್ ತಪ್ಪುತ್ತದೆಂದು ಅಂಗೈ ಅಗಲವೂ ಇಲ್ಲದ ಇಕ್ಕಟ್ಟಾದ ತೊಟ್ಟಿ. ಸಿಲಿಕಾನಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಮೀನು ಬಿಡಬಾರದೆಂದು ಮೂರು ದಿನ ಕಾಯಿಸಿದರು. ನಾನು ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ತೊಟ್ಟಿ ಮೂಸಿ ಬರುತ್ತಿದ್ದೆ. ಫ್ಲ್ಯಾಶ್ ಎದುರಿಗಿದ್ದರೆ ಗಾಜು ಹೊಳೆಯುತ್ತದೆ, ನೀರಿನಲ್ಲಿ ತೇಲುವ ಕಸವೆಲ್ಲ ಬೆಳ್ಳಗೆ ಕಾಣುತ್ತದೆ ಎಂದು ಅದನ್ನು ತೊಟ್ಟಿಯ ಮೇಲಿಟ್ಟರು. ಗಾಜಿನಲ್ಲಿ ತಮ್ಮ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆಗೆ ತೂತು ಮಾಡಿ ಲೆನ್ಸಿನ ಮೂತಿಯನ್ನಷ್ಟೇ ಹೊರಗಿಟ್ಟರು. ಶನಿವಾರ ಸಂಜೆ ಎರಡು ಗಂಟೆ ಮಂಡಿಯೂರಿ ಕೂತು, ಮೀನು ರೆಕ್ಕೆ ಬಿಚ್ಚುವುದನ್ನೇ ಕಾದು ತೆಗೆದರು. ಆ ಹೊತ್ತು ಅವರ ಮೇಲೆ ಗೌರವ ಹುಟ್ಟಿತ್ತು ಎಂದು ಹೇಳಿಕೊಳ್ಳಲು ಈಗ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಮೀನನ್ನು ಅದೇ ಗುಂಡಿಗೆ ಬಿಟ್ಟುಬಂದೆ. ಸೋಮವಾರ ಪೆನ್‌ಡ್ರೈವ್ ಕೊಟ್ಟರು. ಉಳಿದವೆಲ್ಲ ಮಸುಕು, ಇದೊಂದೇ ಸರಿಯಾಗಿ ಬಂದದ್ದು ಎಂದರು. ಅದನ್ನೇ ಕಳಿಸಿದೆ.

ವಾರದ ಮೇಲೆ ಪರಿಣತರಿಂದ ಎರಡು ಸಾಲು ಬಂತು. ಇದು ಎಲ್ಲ ಕಡೆ ಸಿಗುವ ಸಾಮಾನ್ಯ ಮೀನು, ನೀವು ಬರೆದ ಬೊಟ್ಟು ಎಲ್ಲೂ ಕಾಣುವುದಿಲ್ಲವಲ್ಲ ಎಂದು. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕಿವಿರಿನ ಹಿಂದೆ ನುಣ್ಣನೆಯ ಬೆಳ್ಳಿ, ಅಷ್ಟೇ.

ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಸ್ಟುಡಿಯೋಕ್ಕೆ ಓಡಿದೆ.

"ಆ ಕರಿ ಬೊಟ್ಟು ಎಲ್ಲಿ ಹೋತು?"

"ಆ ಕಲೆನಾ? ತೆಗ್ದೆ ಅಕ್ಕೋರೆ. ಅದೊಂದು ಹೋದ್ಮೇಲೆ ಎಷ್ಟ್ ಚಂದ ಕಾಣ್ತದೆ ನೋಡಿ."

"ತಿದ್ದದೆ ಇದ್ದದ್ದು ಕೊಡಿ. ಮೊದ್ಲಿಂದು."

"ಅದು ಇಲ್ಲ. ಭಾನುವಾರ ಮದ್ವೆ ಇತ್ತಲ್ಲ, ಕಾರ್ಡ್ ಖಾಲಿ ಮಾಡ್ದೆ. ಅದ್ಕೆ ಎಂತ ಆತು ಈಗ? ಮತ್ತೊಂದು ಮೀನು ಹಿಡ್ಕಂಡು ಬನ್ನಿ, ತೆಗೆದ್ರಾತು."

ಸ್ಟುಡಿಯೋ ಎದುರು ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡುವಷ್ಟು ಬೈದೆ. ಹಳೆಯ ನನ್ನ ಮಚ್ಚೆಯ ಕತೆಯನ್ನೂ ಎಳೆದುತಂದೆ. ಅವರಿಗೆ ಅದು ನೆನಪೇ ಇರಲಿಲ್ಲ. "ಚಂದ ಮಾಡಿದ್ದಕ್ಕೆ ಯಾರಾದ್ರೂ ಬೈತಾರ?" ಎಂದು ನಿಜವಾಗಿ ನೊಂದುಕೊಂಡು ಕೇಳಿದರು. ಆ ನೋವು ಕಂಡು ನನ್ನ ಸಿಟ್ಟು ಇಮ್ಮಡಿಯಾಯಿತು. ಅಂದಿನಿಂದ ಎದುರಾದರೆ ರಸ್ತೆ ದಾಟಿ ಹೋಗುತ್ತಿದ್ದೆ. ಒಂದೆರಡು ಸಲ ಅವರು ಮಾತಾಡಿಸಲೆಂದು ಕೈಯೆತ್ತಿದ್ದೂ ಉಂಟು. ತೀರಿಕೊಂಡರೆಂದು ತಿಳಿದಾಗಲೂ ಹೋಗಲಿಲ್ಲ.

ಮತ್ತೊಂದು ಮೀನು ಸಿಗಲಿಲ್ಲ. ಮುಂದಿನ ಮೂರು ಡಿಸೆಂಬರ್‌ಗಳಲ್ಲಿ ಆ ಹಳ್ಳವನ್ನು ಮೇಲಿನಿಂದ ಕೆಳಗಿನವರೆಗೆ ಜಾಲಾಡಿದೆ. ಬೆಳ್ಳಿ ಮೈಯವು ಎಷ್ಟೋ ಬಂದವು, ಬೊಟ್ಟಿನದು ಒಂದೂ ಇಲ್ಲ. ನಾಲ್ಕನೆಯ ವರ್ಷ ರಸ್ತೆ ಅಗಲ ಮಾಡಿದ ಮಣ್ಣು ಬಿದ್ದು ಗುಂಡಿಯೇ ಮುಚ್ಚಿಹೋಯಿತು. ಪರಿಣತರಿಗೆ ಇನ್ನೊಂದು ಸಲ ಬರೆಯುವ ಮುಖ ನನಗಿರಲಿಲ್ಲ.

ಈಗ ನನ್ನ ಹತ್ತಿರ ಸ್ವಂತ ಮ್ಯಾಕ್ರೋ ಲೆನ್ಸಿದೆ, ನೀರೊಳಗೆ ಇಳಿಸುವ ಪುಟ್ಟ ಕ್ಯಾಮೆರಾ ಇದೆ. ತೆಗೆದದ್ದನ್ನೆಲ್ಲ ಎರಡು ಕಡೆ ಉಳಿಸಿಡುತ್ತೇನೆ, ಒಂದು ಚುಕ್ಕೆಯನ್ನೂ ತಿದ್ದುವುದಿಲ್ಲ. ಹಾಗೆ ಉಳಿಸಿಡುವಾಗೆಲ್ಲ ಆ ಮನುಷ್ಯನನ್ನು ಬೈದುಕೊಳ್ಳುತ್ತೇನೆ. ಆದರೆ ಅಂದು ಅವರೆದುರು ಬಾಯಿ ಬಿಟ್ಟು ಹೇಳದ ಮಾತೊಂದಿದೆ... ಸೋಮವಾರ ಪೆನ್‌ಡ್ರೈವ್ ತಂದವಳು ನಾನು ಇಡೀ ಸಂಜೆ ಆ ಫೋಟೋ ನೋಡುತ್ತ ಕೂತಿದ್ದೆ. ಮನೆಯವರನ್ನು ಕರೆದು ತೋರಿಸಿ, ಎಷ್ಟು ಚೆನ್ನಾಗಿ ಬಂದಿದೆ ಅಲ್ಲವೇ ಎಂದು ಬೀಗಿದ್ದೆ. ಹದಿನೈದು ದಿನ ಯಾವ ಬೊಟ್ಟಿಗಾಗಿ ನಿದ್ದೆಗೆಟ್ಟಿದ್ದೆನೋ, ಅದು ಅಲ್ಲಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅವರು ಬದುಕಿರುವವರೆಗೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಹಗುರಾಗಿದ್ದೆ. ಈಗ ಮೀನೂ ಇಲ್ಲ, ಅವರೂ ಇಲ್ಲ. ಬೈಸಿಕೊಳ್ಳಲು ಉಳಿದವಳು ನಾನೊಬ್ಬಳೇ.